ನಮ್ಮತ್ತಿಯ ಎಡಗೈ ಊಟ

ನಮ್ಮತ್ತಿಗೆ ನಾಚಿಕೆ ಇಲ್ಲ!

ಇದು ಬೈಗುಳವಲ್ಲ. ಕೆಲವರ ರಕ್ತದಲ್ಲಿ ಕಬ್ಬಿಣ ಕಮ್ಮಿ ಅಂತ ಡಾಕ್ಟರು ಹೇಳುತ್ತಾರಲ್ಲ, ಹಾಗೆ ತಿಳಿಯಿರಿ. ನಮ್ಮಪ್ಪನ ತಂಗಿಯಾದ ಈ ಮಹಾತಾಯಿಯ ಮೈಯಲ್ಲಿ ಆ ಒಂದು ಪದಾರ್ಥ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಗಂತ ನಮ್ಮ ಮನೆತನಕ್ಕೆ ಬರಬೇಕಾದ ನಾಚಿಕೆಯೇನೂ ವಾಪಸು ಹೋಗಿಲ್ಲ. ಆಕೆಯ ಪಾಲಿನದನ್ನೂ ಸೇರಿಸಿ ನನ್ನ ತಲೆಗೇ ಕಟ್ಟಿದ್ದಾರೆ. ಆಕೆ ನಡುಬೀದಿಯಲ್ಲಿ ಏನೋ ಒಂದು ಮಾಡುತ್ತಾಳೆ, ಇಲ್ಲಿ ನನ್ನ ಕಿವಿ ಕೆಂಪಾಗುತ್ತವೆ. ರಾಯಚೂರಿನ ಬಿಸಿಲಿಗೆ ಕೆಂಪಾಗಿದ್ದು ಅಂತ ಮಂದಿಗೆ ಹೇಳಿಕೊಂಡು ತಿರುಗುತ್ತೇನೆ. ಮೋಡ ಕವಿದ ದಿನವೂ ಅದನ್ನೇ ಹೇಳಿದರೆ ಯಾರು ನಂಬುತ್ತಾರೆ?

"ಮಿಮಿಕ್ರಿ ಮಾಡೋ ನಿನಗೆಂಥ ನಾಚಿಕೆ?" ಅಂತ ನೀವು ಕೇಳಬಹುದು. ಕೇಳಿ. ಗಣಪತಿ ಪೆಂಡಾಲಿನಿಂದ ಹಿಡಿದು ಕಾಲೇಜಿನ ಗ್ಯಾದರಿಂಗಿನ ತನಕ ನನ್ನದೇ ಹಾವಳಿ. ಬಸ್ಸಿನ ಕಂಡಕ್ಟರು, ನಮ್ಮ ಪ್ರಿನ್ಸಿಪಾಲರು, ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮುದುಕಿ, ಎಲ್ಲರ ದನಿಯನ್ನೂ ಕೇಳದೆ ಎತ್ತಿಕೊಂಡು ಬಂದು ಚಪ್ಪಾಳೆ ಗಿಟ್ಟಿಸುವವನು ನಾನು. ಆದರೆ ವೇದಿಕೆಯ ಮೇಲೆ ನಾನು ನಾನಾಗಿರುವುದಿಲ್ಲವಲ್ಲ! ಇನ್ನೊಬ್ಬರ ದನಿಯ ಹಿಂದೆ ಅಡಗಿ ಕೂತವನಿಗೆ ಮಾನದ ಭಯ ಎಲ್ಲಿಂದ ಬರಬೇಕು? ಕೆಳಗಿಳಿದು ಸ್ವಂತ ದನಿಯಲ್ಲಿ "ಒಂದು ಚಹಾ ಕೊಡ್ರಿ" ಅನ್ನಬೇಕಾದರೆ ಮಾತ್ರ ಗಂಟಲು ಕಟ್ಟುತ್ತದೆ.

ಅತ್ತಿಯ ಉದ್ಯೋಗ ಆಕ್ಯುಪೇಷನಲ್ ಥೆರಪಿ. ಅದೇನು ಅಂತ ನಮ್ಮ ಮನೆಯಲ್ಲೇ ಅರ್ಧ ಮಂದಿಗೆ ಗೊತ್ತಿಲ್ಲ. ಲಕ್ವಾ ಹೊಡೆದವರನ್ನು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಬದುಕಿಸುವುದು ಡಾಕ್ಟರ ಕೆಲಸ. ಹಾಗೆ ಬದುಕಿದವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ತಲೆ ಬಾಚುವುದು, ಚೊಂಬು ಎತ್ತುವುದನ್ನು ಮತ್ತೆ ಕಲಿಸುವುದು ಈಕೆಯ ಕೆಲಸ. ನಮ್ಮಜ್ಜ ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಅಂದರೆ ಹತ್ತಿಮೂಟೆ, ಹೊರುತ್ತಿದ್ದವನು. ಅವನ ಮಗಳು ಓದು ಮುಗಿಸಿ ಬಂದ ದಿನ ಓಣಿಗೆ ಓಣಿಯೇ ನೋಡಲು ಬಂದಿತ್ತಂತೆ.

"ಡಾಕ್ಟರ್ ಆದ್ಯಾ ಯವ್ವಾ?"

"ಇಲ್ಲ."

"ನರ್ಸ್?"

"ಅಲ್ಲ."

"ಮತ್ತೇನು ಮಾಡ್ತಿ?"

"ಗುಂಡಿ ಹಾಕೋದು ಕಲಸ್ತೀನಿ."

ಬಂದವರು ಚಹಾ ಕುಡಿದು, ಅಜ್ಜನ ಬೆನ್ನು ಸವರಿ, ಸಮಾಧಾನ ಹೇಳಿ ಹೋದರಂತೆ.

ಮೊದಲು ಆಕೆ ರಾಯಚೂರಿನ ಒಂದು ದೊಡ್ಡ ದವಾಖಾನೆಯಲ್ಲಿದ್ದಳು. ಅಲ್ಲಿ ತಣ್ಣನೆಯ ಕೋಣೆಯಲ್ಲಿ ಒಂದು ಕಂಪ್ಯೂಟರು, ಅದರ ಮುಂದೆ ಗಾಲಿ ಇರುವ ಒಂದು ಮಣೆ. ರೋಗಿ ಸೋತ ಕೈಯನ್ನು ಮಣೆಯ ಮೇಲಿಟ್ಟು ಚೂರು ಸರಿಸಿದರೆ ಪರದೆಯ ಮೇಲೆ ಒಂದು ಹಕ್ಕಿ ಹಾರುತ್ತದೆ. ಆಟ ಆಡುತ್ತ ಆಡುತ್ತ ಮರೆತು ಹೋದ ದಾರಿಯನ್ನು ಮಿದುಳು ಮತ್ತೆ ಹುಡುಕಿಕೊಳ್ಳುತ್ತದೆ ಅನ್ನುವ ಲೆಕ್ಕ. ಆದರೆ ದೇವದುರ್ಗದಿಂದ, ಮಾನ್ವಿಯಿಂದ ಬಂದವರು ಒಮ್ಮೆ ಬರುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಅರ್ಧ ಮೈ ಸೋತ ಮನುಷ್ಯನನ್ನು ಬಸ್ಸಿಗೆ ಹತ್ತಿಸಿ, ಇಳಿಸಿ, ಹಕ್ಕಿ ಹಾರಿಸಲು ಯಾರು ತಾನೇ ದಿನಾ ಕರೆತರುತ್ತಾರೆ? ಖಾಲಿ ಕೋಣೆಯಲ್ಲಿ ಅತ್ತಿ ಒಬ್ಬಳೇ ಕೂತು ಹಕ್ಕಿ ಹಾರಿಸಿದಳು. ಬೇಸರವಾಯಿತು. ಕೆಲಸ ಬಿಟ್ಟು, ಮನೆ ಮನೆಗೆ ಹೋಗುವ ಒಂದು ಸಣ್ಣ ಸಂಸ್ಥೆ ಸೇರಿದಳು. ಲ್ಯಾಪ್‌ಟಾಪನ್ನೂ ಗಾಲಿ ಮಣೆಯನ್ನೂ ಹೊತ್ತು ಬಸ್ಸು ಹತ್ತಿದಳು. ನನ್ನ ಡಿಗ್ರಿ ಮುಗಿದು, ಬರೆದ ಪರೀಕ್ಷೆಗಳ ಫಲಿತಾಂಶ ಬರದೆ ನಾನು ಮನೆಯಲ್ಲಿ ಬಿದ್ದಿದ್ದ ಕಾಲ. "ಕುಂತಲ್ಲೇ ಮಂದೀನ ಅಣಕಸೋ ಬದಲಿ ನಿಮ್ಮತ್ತಿ ಚೀಲ ಹಿಡಿ, ಹೋಗು," ಅಂದಳು ನಮ್ಮವ್ವ. ನನ್ನ ಮಾನದ ಮರಣಶಾಸನಕ್ಕೆ ಸಹಿ ಬಿದ್ದದ್ದು ಹೀಗೆ.

ಬಸ್ಸಿನ ಕಥೆಯನ್ನೇ ಮೊದಲು ಹೇಳುತ್ತೇನೆ. ನಮ್ಮ ರಸ್ತೆಗಳ ಕುಲುಕಿಗೆ, ಧೂಳಿಗೆ ಲ್ಯಾಪ್‌ಟಾಪು ಹಾಳಾಗುತ್ತದೆ ಅಂತ ಅತ್ತಿ ಅದನ್ನು ಮೆತ್ತನೆಯ ಹಳೇ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾಳೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕೈ ತಾನಾಗಿ ಅದರ ಬೆನ್ನು ತಟ್ಟುತ್ತದೆ. ದೇವದುರ್ಗ ದಾಟಿ ಜಾಲಹಳ್ಳಿಗೆ ಹೊರಟಿದ್ದೆವು. ಪಕ್ಕದ ಹೆಂಗಸಿಗೆ ಕರುಳು ಚುರ್ ಅಂತು.

"ಇಷ್ಟು ಬಿಸಲಾಗ ಕೂಸಿನ ಮಾರಿ ಮುಚ್ಚೀರಲ್ಲ. ತಗೀರಿ, ನೋಡ್ತೀನಿ."

"ಮಲಗ್ಯಾದವ್ವಾ," ಅಂದಳು ಅತ್ತಿ, ಕಣ್ಣು ಕೂಡ ಮಿಟುಕಿಸದೆ.

"ಗಂಡೋ ಹೆಣ್ಣೋ?"

"ಇನ್ನಾ ಗೊತ್ತಾಗಿಲ್ಲ."

ಹೆಂಗಸು ಗಾಬರಿಯಾಗುವಷ್ಟರಲ್ಲಿ ಬಸ್ಸು ಎಗರಿತು, ಕೌದಿ ಸಡಿಲಾಯಿತು, ಒಳಗಿಂದ ಚಾರ್ಜರಿನ ಕರೀ ವಯರು ಜೋತು ಬಿತ್ತು.

"ಯವ್ವಾ! ಬಾಲ!"

ಇಡೀ ಬಸ್ಸು ತಿರುಗಿ ನೋಡಿತು. ನಾನು ಕಿಟಕಿಯ ಹೊರಗೆ ತಲೆ ಹಾಕಿ, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಅನ್ನುವ ಮುಖ ಮಾಡಿ, ಹೊಲದಲ್ಲಿ ಹತ್ತಿ ಬಿಡಿಸುವವರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಷ್ಟರಲ್ಲಿ ಅತ್ತಿ ಕೂಗಿದಳು: "ಲೇ, ಈ ಬಾಲ ಒಳಗ ತುರುಕು, ಬಾರೋ!"

ಜಾಲಹಳ್ಳಿಯಲ್ಲಿ ನಮಗಾಗಿ ಕಾದಿದ್ದವಳು ಎಡಗೈ ಸೋತ ಒಬ್ಬ ಅಜ್ಜಿ. ಈ ಲ್ಯಾಪ್‌ಟಾಪಿನಲ್ಲಿದ್ದ ಆಟ ಬೇರೆ. ಅದು ಯಾವ ತಣ್ಣನೆಯ ದೇಶದಲ್ಲಿ ತಯಾರಾಗಿತ್ತೋ, ತುಂಬ ಹಿಮ. ಹಿಮದಲ್ಲಿ ಪೆಂಗ್ವಿನ್ನು. ಒಳಗಿನಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಶಾಭಾಷ್ ಹೇಳುತ್ತಿತ್ತು. ಅಜ್ಜಿ ಮಿಸುಕಲಿಲ್ಲ. "ಆ ಕೋಳಿ ಯಾಕ ಕೋಟು ಹಾಕ್ಯಾದ?" ಅಂತ ಕೇಳಿ ಕಣ್ಣು ಮುಚ್ಚಿದಳು. ಆ ವಾರವೇ ಅತ್ತಿ ಯಾರನ್ನೋ ಹಿಡಿದು ಪೆಂಗ್ವಿನ್ನಿನ ಜಾಗದಲ್ಲಿ ಮಾವಿನಹಣ್ಣು ಹಾಕಿಸಿದಳು. ದನಿಗೆ? ದನಿಗೆ ನಾನಿದ್ದೆನಲ್ಲ!

"ಮೆತ್ತಗ ಹುರುಪು ತುಂಬು," ಅಂದಳು ಅತ್ತಿ. ತುಂಬಿದೆ. 'ಭೇಷ್ ಯವ್ವಾ, ಇನ್ನಾ ಸ್ವಲ್ಪ' ಅಂತ ಜೇನಿನಂಥ ದನಿಯಲ್ಲಿ. ಅಜ್ಜಿಯ ಕೈ ಏಳಲಿಲ್ಲ. ಆಕೆಗೂ ಪಕ್ಕದ ಮನೆಯವಳಿಗೂ ನೀರಿನ ನಲ್ಲಿಯ ಜಗಳ ಹಳೆಯದು ಅಂತ ಸೊಸೆ ಬಾಯಿಬಿಟ್ಟಳು. ನಾನು ಗೋಡೆಗೆ ಕಿವಿಯಿಟ್ಟು ಆ ನೆರೆಯಾಕೆಯ ದನಿ ಹಿಡಿದು ಯಂತ್ರಕ್ಕೆ ತುಂಬಿದೆ. ಮರುವಾರ ಮಾವಿನಹಣ್ಣು ಉದುರುವಾಗ ಯಂತ್ರದೊಳಗಿಂದ ಆಕೆಯ ಮಾತು ಹೊರಟಿತು: "ನಿನ್ನ ಕೈಲೆ ಏನಾಗ್ತದ ಬಿಡು! ಹಣ್ಣೆಲ್ಲ ನಂದೇ!"

ಅಜ್ಜಿ ಕಣ್ಣು ತೆರೆದಳು. ಎಷ್ಟೋ ತಿಂಗಳಿಂದ ತೊಡೆಯ ಮೇಲೆ ಬಿದ್ದಿದ್ದ ಕೈ ಭುಜದ ತನಕ ಎದ್ದಿತು. ಎದ್ದದ್ದು ಹಣ್ಣು ಹಿಡಿಯಲಿಲ್ಲ, ನೇರ ಪರದೆಯ ಕಪಾಳಕ್ಕೆ! ಲ್ಯಾಪ್‌ಟಾಪು ಮಗುಚಿತು. ನಾನು ಅಯ್ಯಯ್ಯೋ ಅನ್ನುತ್ತಿದ್ದರೆ ಅತ್ತಿ ಅಂಗಳಕ್ಕೆ ಓಡಿ ಕೂಗುತ್ತಿದ್ದಳು: "ಬರ್ರಿ, ಎಲ್ಲಾರೂ ಬರ್ರಿ! ಹೊಡದಳು! ಎಷ್ಟು ಚಂದ ಹೊಡದಳು ನೋಡ ಬರ್ರಿ!" ಬಂದವರಲ್ಲಿ ಮೊದಲಿನವಳು ಆ ನೆರೆಯಾಕೆಯೇ. ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದೆ.

ಇಂಥವನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ್ದು ಆಕೆಯ ಊಟ.

ವಾರದಲ್ಲಿ ಒಂದು ದಿನ ಅತ್ತಿ ತನ್ನ ಬಲಗೈಯನ್ನು ಸೆರಗಿನ ತುದಿಯಿಂದ ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುತ್ತಾಳೆ. ಆ ದಿನ ಪೂರ್ತಿ ಎಲ್ಲ ಕೆಲಸವೂ ಎಡಗೈಯಲ್ಲೇ. "ನನಗ ಗೊತ್ತಿಲ್ಲದ್ದು ಮಂದಿಗಿ ಹೆಂಗ ಕಲಸಲಿ?" ಅನ್ನುತ್ತಾಳೆ. ಮನೆಯೊಳಗೆ ಆದರೆ ಆಯಿತು, ಯಾರೂ ನೋಡುವುದಿಲ್ಲ. ಆದರೆ ನಮ್ಮ ದೊಡ್ಡಪ್ಪನ ಮಗನ ಲಗ್ನ ಅದೇ ದಿನ ಬರಬೇಕೆ? ಬಂದರೂ, ಒಂದು ದಿನ ಕೈಗೆ ಬಿಡುಗಡೆ ಕೊಡಬಾರದೆ? ಮೊದಲ ಪಂಕ್ತಿಯಲ್ಲಿ, ಬೀಗರ ಎದುರಿಗೆ, ಗೋದಿ ಹುಗ್ಗಿಗೆ ಅತ್ತಿ ಎಡಗೈ ಇಟ್ಟಳು!

ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. "ಅಕ್ಕಾ, ಕೈ ತಪ್ಪ್ಯಾದ ನೋಡ್ರಿ."

"ತಪ್ಪಿಲ್ಲ. ಇವತ್ತು ಬಲಗೈಗೆ ರಜಾ."

ಎದುರಿಗಿದ್ದ ಬೀಗಿತ್ತಿ ಬಾಯಿಗೆ ಸೆರಗು ಇಟ್ಟಳು. "ಶುಭಕಾರ್ಯದಾಗ ಎಡಗೈಲೆ ಉಣ್ಣಾಕತ್ತಾಳಲ್ಲ! ಮಾನ ಮರ್ಯಾದಿ ಬ್ಯಾಡ?"

"ನಾ ಎಡಗೈ ಸಾಬೂನ್ ಹಚ್ಚಿ ತೊಳಕೊಂಡು ಕುಂತೀನ್ರಿ," ಅಂದಳು ಅತ್ತಿ. "ನೀವು ಬಲಗೈ ತೊಳಕೊಂಡೀರೇನು?"

ಬೀಗಿತ್ತಿ ತೊಳೆದುಕೊಂಡಿರಲಿಲ್ಲ. ಅದು ಆಕೆಯ ಮುಖದಲ್ಲೇ ಕಾಣುತ್ತಿತ್ತು. ಪಂಕ್ತಿಯ ಮಂದಿಯೆಲ್ಲ ತಮ್ಮ ತಮ್ಮ ಬಲಗೈ ನೋಡಿಕೊಂಡರು. ಹುಗ್ಗಿ ಅತ್ತಿಯ ಬೆರಳ ಸಂದಿಯಿಂದ ಜಾರಿ ಗದ್ದಕ್ಕೆ, ಗದ್ದದಿಂದ ಹೊಸ ಸೀರೆಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನಾನು ಏನು ಉಂಡೆ ಅಂತ ಈಗಲೂ ನೆನಪಿಲ್ಲ. ನನ್ನಂಥ ನಿರುದ್ಯೋಗಿಗೆ ಬಂದಿದ್ದ ಒಂದೇ ಒಂದು ಸಂಬಂಧ ಮರುದಿನ ಮುರಿದು ಬಿತ್ತು. ಹುಡುಗಿಯ ಕಡೆಯವರ ಪ್ರಕಾರ ನಮ್ಮ ಮನೆತನದಲ್ಲಿ ಲಕ್ವಾ ಇದೆಯಂತೆ!

ಲಗ್ನದಿಂದ ಮನೆಗೆ ನಡೆದು ಬರುವಾಗಲೇ ಜಗಳ ತೆಗೆದಿದ್ದೆ. "ನಿನಗಂತೂ ನಾಚಿಕಿ ಇಲ್ಲ. ನಮಗರ ಇರೋದು ಬ್ಯಾಡೇನು?"

ಅತ್ತಿ ನಡಿಗೆ ನಿಲ್ಲಿಸಲಿಲ್ಲ. "ನಿಮ್ಮಜ್ಜ ಮಿಲ್ಲಿನ ಮುಂದಿನ ಹೋಟೆಲಿನ್ಯಾಗ ಚಾ ಕುಡೀತಿದ್ದ," ಅಂದಳು. "ಒಳಗಲ್ಲ, ಹೊರಗ ನಿಂತು. ಅಂವಗ ಬ್ಯಾರೆ ಕಪ್ಪು. ಕುಡದು ತಾನೇ ತೊಳದು ಗೋಡಿ ಮ್ಯಾಲ ಇಡತಿದ್ದ. ಒಮ್ಮೆ ನಾ ನೋಡಿಬಿಟ್ಟೆ. ಮಗಳು ನೋಡಿದಳು ಅಂತ ಅಂವ ತಲಿ ತಗ್ಗಿಸಿದ. ಹೋಟೆಲಿನಾಂವ ಆರಾಮ ನಿಂತಿದ್ದ, ಹಾಡು ಹಾಡಕೋತ. ನಾಚಿಕಿಗಿ ದಾರಿ ಗೊತ್ತಾಗಾಂಗಿಲ್ಲ ಲೇ. ಅದು ಯಾವಾಗ್ಲೂ ತಪ್ಪು ಮನಿಗೇ ಹೋಗಿ ಕುಂದರ್ತದ."

ಇಷ್ಟು ಹೇಳಿ ಗದ್ದಕ್ಕೆ ಅಂಟಿದ್ದ ಹುಗ್ಗಿಯನ್ನು ಒರೆಸಿಕೊಂಡಳು. ಎಡಗೈಯಲ್ಲೇ. ನಾನು ಮಾತು ಬದಲಿಸಿದೆ.

ಇನ್ನು ಮಾನ್ವಿಯ ಖಾಸಿಂ ಮಾಮಾನ ಮಾತು.

ಖಾಸಿಂ ಮಾಮಾ ಬಳೆಗಾರ. ನಮ್ಮವ್ವನ ತವರು ಮಾನ್ವಿ, ಹಾಗಾಗಿ ನನಗೆ ಚಿಕ್ಕಂದಿನಿಂದ ಪರಿಚಯ. ಬಜಾರಿನಲ್ಲಿ ಅವನ ಅಂಗಡಿಯ ಮುಂದೆ ಹೆಣ್ಣುಮಕ್ಕಳ ಸಾಲು. ಬಳೆ ಗೆಣ್ಣಿನ ಹತ್ತಿರ ಬಂದು ಸಿಕ್ಕಿಕೊಳ್ಳುತ್ತದಲ್ಲ, ಹುಡುಗಿ ನೋವಿಗೆ ಮುಷ್ಟಿ ಬಿಗಿಯುತ್ತಾಳಲ್ಲ, ಆಗ ಮಾಮಾ ಬಾಗಿಲ ಕಡೆ ನೋಡಿ ಗಾಬರಿಯಿಂದ ಕೂಗುತ್ತಿದ್ದ: "ಅಲ್ಲಿ ನೋಡವ್ವಾ, ನಿಮ್ಮತ್ತಿ ಬಂದಳು!" ಹುಡುಗಿ ತಿರುಗುತ್ತಿದ್ದಳು, ಮುಷ್ಟಿ ಸಡಿಲಾಗುತ್ತಿತ್ತು, ಬಳೆ ಸರ್ರನೆ ಒಳಗೆ! ಮದುವೆ ಆಗದ ಹುಡುಗಿಯರೂ ತಿರುಗಿ ನೋಡುತ್ತಿದ್ದರು ಅನ್ನುವುದೇ ತಮಾಷೆ. ಈ ಐಟಮ್ಮು ನನ್ನ ಮಿಮಿಕ್ರಿಯ ಕಿರೀಟ. ಮಾಮಾನ ದನಿಯಲ್ಲಿ ಅದೊಂದು ಮಾತು ಹೇಳಿದರೆ ಸಾಕು, ಮಾನ್ವಿಯ ಪೆಂಡಾಲು ಎದ್ದು ಕುಣಿಯುತ್ತಿತ್ತು.

ಆ ಮಾಮಾನಿಗೆ ಲಕ್ವಾ ಹೊಡೆಯಿತು. ಬಲಗೈ ಮುಷ್ಟಿ ಬಿಗಿದುಕೊಂಡು ಎದೆಗೆ ಅಂಟಿತು. ಬಾಯಿಯ ಬಲಗಡೆ ಜೋತುಬಿತ್ತು, ಮಾತು ತೊದಲಾಯಿತು. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದ. ಮಾಮಾ ಹಿಂದಿನ ಕೋಣೆ ಸೇರಿ ಪರದೆ ಎಳೆದುಕೊಂಡಿದ್ದ. ಊಟ ಅಲ್ಲೇ, ಒಬ್ಬನೇ, ಹೆಂಡತಿಯ ಕೈಯಿಂದ. ನಾವು ಮೊದಲ ಸಲ ಹೋದಾಗ ಪರದೆಯ ಹಿಂದಿನಿಂದ ದನಿ ಬಂತು: "ನಾ ಮನ್ಯಾಗ ಇಲ್ಲ."

"ನೀವು ಇಲ್ಲದಿದ್ದರ ಬಿಡ್ರಿ," ಅಂದಳು ಅತ್ತಿ, "ನಿಮ್ಮ ಎಡಗೈ ಅರ ಅದೇನು? ಅದರ ಕೂಡ ಮಾತಾಡಿ ಹೋಗ್ತೀನಿ."

ಮಾಮಾನ ಹೆಂಡತಿ, ನಾನು ಖಾಲಾ ಅನ್ನುವವಳು, ನಗಲೋ ಅಳಲೋ ತಿಳಿಯದೆ ನಿಂತಳು. ಸಂಗತಿ ಇಷ್ಟು: ಸಣ್ಣ ಮಗಳ ಮಂಗ್ನಿ ಗೊತ್ತಾಗಿತ್ತು. ಅವರಲ್ಲಿ ನಿಶ್ಚಿತಾರ್ಥಕ್ಕೆ ಹಾಗೆ ಅನ್ನುತ್ತಾರೆ. ರಾಯಚೂರಿನಿಂದ ಬೀಗರು ಬರುತ್ತಾರೆ, ದಸ್ತರಖಾನು ಅನ್ನುವ ಊಟದ ಬಟ್ಟೆ ಹಾಸಿ ಅದರ ಸುತ್ತ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಮಾಮಾ ಹಟ ಹಿಡಿದಿದ್ದ. 'ನಾ ಕೂಡಂಗಿಲ್ಲ, ಹೈದರಾಬಾದಿಗಿ ಹೋಗ್ಯಾನ ಅಂತ ಹೇಳ್ರಿ.' ಮಗಳೂ ಹಟಮಾರಿ. 'ಅಬ್ಬಾ ಕೂಡದಿದ್ದರ ನಂಗ ಈ ಮಂಗ್ನಿನೇ ನಕ್ಕೋ, ಬ್ಯಾಡಂದ್ರ ಬ್ಯಾಡ.'

"ಮಜಬೂರಿ ಇದ್ದರ, ಬಲಗೈ ಆಗದಿದ್ದರ, ಎಡಗೈಲೆ ಉಣ್ಣಬಹುದು, ಮಾಫ್ ಅದ ಅಂತ ಮೌಲವಿ ಸಾಬರೇ ಬಂದು ಹೇಳ್ಯಾರ," ಅಂದಳು ಖಾಲಾ. "ಕೇಳವಲ್ಲರು."

ಪರದೆಯ ಹಿಂದಿನಿಂದ ಮಾತು ನಿಧಾನವಾಗಿ, ಒಂದೊಂದೇ ತುಂಡಾಗಿ ಬಂತು: "ಅಲ್ಲಾ ಮಾಫ್ ಮಾಡ್ತಾನವ್ವಾ. ಬೀಗರು ಮಾಡ್ತಾರೇನು?"

ಅತ್ತಿ ಚೀಲ ಎತ್ತಿಕೊಂಡಳು. ಪರದೆ ಸರಿಸಿ ಒಳಗೆ ಹೋಗಿ ಯಂತ್ರ ಬಿಚ್ಚಿದಳು. ಮಾವಿನಹಣ್ಣು ತೆಗೆದು ಬಣ್ಣಬಣ್ಣದ ಬಳೆ ಹಾಕಿಸಿ ತಂದಿದ್ದಳು. ಕೈ ಮಣೆಯ ಮೇಲೆ ಕೂತರೆ ತಾನೇ ಆಟ? ಮುಷ್ಟಿ ಬಿಚ್ಚಲೇ ಇಲ್ಲ. ಎಳೆದಷ್ಟೂ ಬಿಗಿಯಿತು. ಅತ್ತಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಆ ಮಾತು ಹೇಳು."

"ಯಾವ ಮಾತು?"

"ಪೆಂಡಾಲಿನ್ಯಾಗ ಹೇಳ್ತಿಯಲ್ಲ, ಅದು."

ನನ್ನ ಕಿವಿ ಬೆಂಕಿಯಾದವು. ಕದ್ದ ಮಾಲು ಹಿಡಿದುಕೊಂಡು ಮಾಲೀಕನ ಮನೆಗೇ ಬಂದ ಕಳ್ಳ ನಾನು. ಅವನದೇ ಆ ಹಳೇ ಗಟ್ಟಿ ದನಿ ಈಗ ಅವನ ಬಳಿ ಇಲ್ಲ, ನನ್ನ ಗಂಟಲಲ್ಲಿದೆ. ಅದನ್ನು ಅವನ ಎದುರು ತೆಗೆಯುವುದೆಂದರೆ? ಕೈ ಮುಗಿದೆ, ತಲೆ ಅಲ್ಲಾಡಿಸಿದೆ. ಅತ್ತಿ ಕಣ್ಣು ಬಿಟ್ಟಳು. ಕೊನೆಗೆ ಗೋಡೆಯ ಕಡೆ ಮುಖ ಮಾಡಿ ಹೇಳಿಬಿಟ್ಟೆ: "ಅಲ್ಲಿ ನೋಡವ್ವಾ, ನಿಮ್ಮತ್ತಿ ಬಂದಳು!"

ಮಾಮಾ ಗಕ್ಕನೆ ಬಾಗಿಲ ಕಡೆ ತಿರುಗಿದ. ಮುಷ್ಟಿ ಸಡಿಲಾಯಿತು. ಅತ್ತಿ ಸರ್ರನೆ ಅವನ ಅಂಗೈಯನ್ನು ಮಣೆಗೆ ಕೂರಿಸಿ ಪಟ್ಟಿ ಬಿಗಿದಳು. ಮಾಮಾ ಕೈ ನೋಡಿದ, ನನ್ನನ್ನು ನೋಡಿದ, ಅತ್ತಿಯನ್ನು ನೋಡಿದ.

"ನಾ ಜಿಂದಗಿ ಪೂರಾ ಮಂದಿಗಿ ಮಾಡಿದ ಮೋಸ," ಅಂದ, "ನನಗೇ ಮಾಡಿದ್ಯಲ್ಲವ್ವಾ."

ನಕ್ಕ. ನಗುವಾಗ ಬಾಯಿಯ ಬಲಗಡೆಯಿಂದ ಜೊಲ್ಲು ಇಳಿಯಿತು. ತಟ್ಟನೆ ಎಡಗೈಯಿಂದ ಮುಖ ಮುಚ್ಚಿಕೊಂಡ. ನಾನೂ ತಲೆ ತಗ್ಗಿಸಿದೆ. ಅವನು ಯಾಕೆ ಮುಚ್ಚಿಕೊಂಡ ಅಂತ ಗೊತ್ತಿತ್ತು. ನಾನು ಯಾಕೆ ತಗ್ಗಿಸಿದೆನೋ.

ಪವಾಡ ಏನೂ ಆಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ವಾರಗಟ್ಟಲೆ ಬಳೆ ಹಿಡಿದ ಮೇಲೆ ಬಲಗೈ ಕಲಿತದ್ದು ತಟ್ಟೆಯ ಅಂಚಿನ ಮೇಲೆ ಮಲಗಿ ಅದು ಜಾರದಂತೆ ಒತ್ತಿ ಹಿಡಿಯುವುದನ್ನು, ಅಷ್ಟೇ. "ಅಷ್ಟು ಸಾಕು, ಅದಕ್ಕೂ ಒಂದು ನೌಕರಿ ಸಿಕ್ತು. ನಿನಗಿಂತ ವಾಸಿ," ಅಂದಳು ಅತ್ತಿ ನನಗೆ. ಎಡಗೈಯಲ್ಲಿ ತುತ್ತು ಕಟ್ಟುವುದನ್ನು ಮಾಮಾ ಪರದೆಯ ಹಿಂದೆ ಕಲಿತ. ಅತ್ತಿ ಬಲಗೈ ಕಟ್ಟಿಕೊಂಡು ಎದುರಿಗೆ ಕೂತು ಉಣ್ಣುತ್ತಿದ್ದಳು. ಇಬ್ಬರೂ ಒಬ್ಬರ ಮೇಲೊಬ್ಬರು ಅನ್ನ ಚೆಲ್ಲಿಕೊಂಡು ಬೈದಾಡುತ್ತಿದ್ದರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಬಲಗೈಯಲ್ಲಿ, ಸಭ್ಯನಾಗಿ, ಉಣ್ಣುತ್ತಿದ್ದೆ. "ಮಂದಿ ಮುಂದ ನೀನೂ ಹಿಂಗೇ ಉಣ್ತಿ ಏನು?" ಅಂತ ಮಾಮಾ ಒಮ್ಮೆ ಕೇಳಿದ. "ಉಣ್ತೀನಿ. ನಿಮ್ಮ ಬಾಜು ಕುಂತು ಉಣ್ತೀನಿ, ಬೀಗರ ಮುಂದ," ಅಂತ ಅತ್ತಿ ಮಾತು ಕೊಟ್ಟಳು. ಆ ಭರವಸೆಯ ಮೇಲೆ ಮಾಮಾ ಒಪ್ಪಿದ.

ಇಷ್ಟೆಲ್ಲ ಲೆಕ್ಕ ಹಾಕಿದ ನಮ್ಮತ್ತಿ ಒಂದೇ ಒಂದನ್ನು ಮರೆತಿದ್ದಳು. ಅವರಲ್ಲಿ ಗಂಡಸರ ಊಟವೇ ಬೇರೆ, ಹೆಂಗಸರ ಊಟವೇ ಬೇರೆ! ಮಂಗ್ನಿಯ ಮಧ್ಯಾಹ್ನ ಬಾಗಿಲಲ್ಲಿ ಯಾರೋ ಆಕೆಯನ್ನು ಮರ್ಯಾದೆಯಿಂದ ಒಳಮನೆಗೆ ಕರೆದಾಗಲೇ ಆಕೆಗೆ ಹೊಳೆದದ್ದು. ನನ್ನ ಅಂಗಿಯ ತೋಳು ಹಿಡಿದೆಳೆದಳು.

"ನಾ ಗಂಡಸರ ಕಡಿ ಬರಾಂಗಿಲ್ಲ. ನೀ ಅವರ ಬಾಜು ಕೂಡು. ಎಡಗೈಲೆ ಉಣ್ಣು."

"ಅತ್ತೀ! ನನ್ನ ಮಾನ?"

"ನಿನಗ ಯಾವಾಗಿತ್ತಲೇ ಅದು?"

ಪಡಸಾಲೆಯಲ್ಲಿ ದಸ್ತರಖಾನು ಹಾಸಿತ್ತು. ಗೋಡೆಗೆ ಲೋಡು ಇಟ್ಟು ಮಾಮಾನನ್ನು ಕೂರಿಸಿದ್ದರು. ಹೊಸ ಶೇರ್ವಾನಿ. ಬಲಗೈಯನ್ನು ತಟ್ಟೆಯ ಅಂಚಿನ ಮೇಲೆ ತಾನೇ ಎತ್ತಿಟ್ಟುಕೊಂಡಿದ್ದ. ಎಡಗೈ ಶಾಲಿನೊಳಗೆ. ನಾನು ಪಕ್ಕದಲ್ಲಿ ಕೂತೆ. ಬಾಗಿಲಿನ ಕಡೆ ನೋಡಿ ಮಾಮಾ ಮೆಲ್ಲಗೆ ಕೇಳಿದ, "ನಿಮ್ಮತ್ತಿ?" ಒಳಮನೆಯ ಪರದೆ ತೋರಿಸಿದೆ. ಅವನ ಮುಖ ಬಾಡಿತು. ಒಗ್ಗರಣೆಯ ಬಗಾರಾ ಅನ್ನ ಬಂತು, ಅದರ ಮೇಲೆ ಬೇಳೆಸಾರಿನಂಥ ತೆಳ್ಳನೆಯ ದಾಲ್ಚಾ. ಕೈ ಸರಿಯಿದ್ದವನ ಬೆರಳ ಸಂದಿಯಲ್ಲೇ ಸೋರುವ ಪದಾರ್ಥ! ಬೀಗರ ಹಿರಿಯರು ಎದುರಿಗಿದ್ದರು. "ಶುರು ಕರೋ ಭಾಯಿ," ಅಂದರು. ಮನೆಯ ಯಜಮಾನ ಕೈ ಹಚ್ಚದೆ ಅವರು ಹಚ್ಚುವುದಿಲ್ಲ. ಎಲ್ಲರೂ ಕಾದರು. ಶಾಲಿನೊಳಗಿನ ಕೈ ಹೊರಗೆ ಬರಲಿಲ್ಲ.

ಮಾಡಬೇಕಾದ್ದು ನಾನು. ಹುಟ್ಟಿನಿಂದ ಅನ್ನಕ್ಕೆ ತಾಗದ ನನ್ನ ಎಡಗೈ ಕಲ್ಲಾಗಿ ಕೂತಿತ್ತು. ನಮ್ಮತ್ತಿ ಲಗ್ನದಲ್ಲಿ ನಗುನಗುತ್ತ ಮಾಡಿದ್ದು ಇದನ್ನೇ? ಇಷ್ಟು ಭಾರವೇ ಇದು? ಕಣ್ಣು ಮುಚ್ಚಿ ಕೈ ಹಾಕಿದೆ. ಅನ್ನ ಬೆರಳಿಗೆ ಬರಲಿಲ್ಲ. ಬಂದದ್ದು ಬಾಯಿಗೆ ಬರಲಿಲ್ಲ. ದಾಲ್ಚಾ ಗದ್ದದಿಂದ ಇಳಿದು ಅಂಗಿಗೆ ಹರಿಯಿತು.

"ಏ!" ಹುಡುಗನ ತಮ್ಮ ಎದ್ದು ನಿಂತ. "ಇಂವ ಪೆಂಡಾಲಿನ್ಯಾಗ ನಕಲಾ ಮಾಡಾಂವಲ್ಲ? ಮಾಮಾಗ ಅಣಕಸಾಕತ್ತಾನ ನೋಡ್ರಿ! ಅವರ ಮನ್ಯಾಗೇ ಕುಂತು!"

ನನ್ನ ಕಾಲರು ಅವನ ಮುಷ್ಟಿಯಲ್ಲಿತ್ತು. ನೋಡಿ, ನನಗೆ ಇದು ಹೊಳೆದೇ ಇರಲಿಲ್ಲ! ಅತ್ತಿ ಎಡಗೈಯಲ್ಲಿ ಉಂಡರೆ ಅದು ಹುಚ್ಚು. ಊರನ್ನೆಲ್ಲ ಅಣಕಿಸಿ ಹೆಸರು ಮಾಡಿದ ನಾನು ಉಂಡರೆ ಅದು ಅಣಕ. ಬೇರೆ ಏನಂತ ತಿಳಿಯಬೇಕು ಮಂದಿ? ಬಾಯಿ ತೆರೆದೆ. ಕಂಡಕ್ಟರು, ಪ್ರಿನ್ಸಿಪಾಲರು, ಮೆಣಸಿನಕಾಯಿ ಮುದುಕಿ, ಒಬ್ಬರಾದರೂ ಸಹಾಯಕ್ಕೆ ಬರಲಿಲ್ಲ. ಉಳಿದದ್ದು ನನ್ನದೇ ದನಿ, ಕೀರಲು: "ಇಲ್ರೀ... ಅಣಕ ಅಲ್ರೀ..." ಯಾರೂ ನಂಬಲಿಲ್ಲ. ಆ ಹೊತ್ತು ಭೂಮಿ ಬಾಯಿ ಬಿಟ್ಟಿದ್ದರೆ ದಾಲ್ಚಾ ಸಮೇತ ಇಳಿದು ಹೋಗುತ್ತಿದ್ದೆ.

"ಬಿಡು ಅವಂಗ."

ಮಾಮಾನ ದನಿ. ತೊದಲು, ನಿಧಾನ, ಆದರೆ ಎಲ್ಲರಿಗೂ ಕೇಳುವಂತೆ. ಕಾಲರು ಸಡಿಲಾಯಿತು.

"ಅಣಕ ಅಲ್ಲ ಅದು. ಅಣಕ ಮಾಡಿದ್ದರ ಸರೀ ಮಾಡ್ತಿದ್ದ. ಆ ಕಸುಬು ಬರ್ತದ ಅವಂಗ." ಉಸಿರು ತೆಗೆದುಕೊಂಡ. "ಇದು ಬರಾಂಗಿಲ್ಲ."

ಶಾಲು ಸರಿಯಿತು. ಎಡಗೈ ಹೊರಗೆ ಬಂತು.

"ಹಂಗಲ್ಲಲೇ. ಹೆಬ್ಬಟ್ಟು ಮುಂದ ತರಬೇಕು. ಹಿಂಗ. ಅನ್ನ ಒತ್ತು. ಹಿಂಗ. ಈಗ ಎತ್ತು."

ಎತ್ತಿದ. ತುತ್ತು ಬಾಯಿಗೆ ಹೋಯಿತು. ಬಲಗಡೆಯ ತುಟಿಯಿಂದ ಒಂದು ಗೆರೆ ದಾಲ್ಚಾ ಗಡ್ಡಕ್ಕೆ ಇಳಿಯಿತು. ಮಾಮಾ ಒರೆಸಿಕೊಳ್ಳಲಿಲ್ಲ. ಅಗಿದು, ನುಂಗಿ, ನನ್ನ ಕಡೆ ನೋಡಿದ. "ತಿಳೀತಾ? ಈಗ ತಿನ್ನು."

ತಿಂದೆ. ಬೀಗರ ಹಿರಿಯರು ಒಂದು ಗಳಿಗೆ ಮಾಮಾನನ್ನು ನೋಡಿದರು. ಆಮೇಲೆ ಕೈ ಚಾಚಿ, ಮಾಮಾನ ಬಲಕ್ಕಿದ್ದ ನೀರಿನ ಲೋಟವನ್ನು ಎತ್ತಿ ಅವನ ಎಡಕ್ಕೆ ಇಟ್ಟರು. "ಖಾನಾ ಠಂಡಾ ಹೋರಾ," ಅಂತ ಆರುವ ಅನ್ನ ತೋರಿಸಿ ಉಳಿದವರನ್ನು ಗದರಿಸಿ ತಾವು ಉಣ್ಣತೊಡಗಿದರು. ಅಷ್ಟೇ. ಒಳಮನೆಯ ಪರದೆ ಅಲುಗಿತು. ಅದರ ಹಿಂದೆ ಯಾರೋ ಸೊರ್ರನೆ ಮೂಗು ಏರಿಸಿದರು.

ಹೊರಡುವಾಗ ಮಾಮಾ ನನ್ನನ್ನು ಹತ್ತಿರ ಕರೆದ.

"ನನ್ನ ದನಿ ನಿನ್ನ ಕಡಿ ಅದ ಇನ್ನಾ?"

ತಲೆ ತಗ್ಗಿಸಿದೆ. "ಅದ ಮಾಮಾ."

"ಇಟ್ಟಿರು. ಹಾಳು ಮಾಡಬ್ಯಾಡ. ನಾ ಬಂದು ತಗೋತೀನಿ."

ಸಂಜೆಯ ಬಸ್ಸು ಹತ್ತಿ ರಾಯಚೂರಿಗೆ ಹೊರಟೆವು. ಬೈಯಲು ಬೇಕಾದಷ್ಟು ಮಾತು ಜೋಡಿಸಿಕೊಂಡಿದ್ದೆ. ಅತ್ತಿ ಸೀಟು ಸಿಕ್ಕ ಕೂಡಲೇ ಎಲ್ಲಿ ಹೋದರೂ ಬಿಡದ ಲ್ಯಾಪ್‌ಟಾಪಿನ ಕೌದಿ ಗಂಟನ್ನು ನನ್ನ ತೊಡೆಗೆ ಹಾಕಿ, ತಲೆಯನ್ನು ನನ್ನ ಭುಜಕ್ಕೆ ಹಾಕಿ ನಿದ್ದೆ ಹೋದಳು. ಆಗ ನೋಡಿದೆ: ಆಕೆಯ ಬಲಗೈ ಇನ್ನೂ ಸೆರಗಿನ ಗಂಟಿನಲ್ಲಿ ಸೊಂಟಕ್ಕೆ ಬಿಗಿದೇ ಇತ್ತು. ಯಾರೂ ಕೇಳದ ಒಳಮನೆಯಲ್ಲಿ, ಪರದೆಯ ಆಚೆ ಕೂತ ಮಾಮಾನಿಗೆ ಕಾಣದಿದ್ದರೂ, ಕೊಟ್ಟ ಮಾತಿಗೆ ಎಡಗೈಯಲ್ಲೇ ಉಂಡಿದ್ದಾಳೆ. ಬಿಚ್ಚಲು ಮರೆತಿದ್ದಾಳೆ. ಸೆರಗಿನ ತುಂಬ ದಾಲ್ಚಾ.

ಮೆಲ್ಲಗೆ ಗಂಟು ಬಿಚ್ಚಿದೆ. ಮಣಿಕಟ್ಟಿನ ಸುತ್ತ ಬಿಗಿದ ಗುರುತು ಕೆಂಪಾಗಿ ಮೂಡಿತ್ತು. ಹೆಬ್ಬೆರಳಿನಿಂದ ತಿಕ್ಕುತ್ತ ಕೂತೆ. ಎದುರಿನ ಸೀಟಿನ ಮುದುಕಿ ನನ್ನ ಒದ್ದೆ ಅಂಗಿಯನ್ನು ನೋಡಿದಳು, ತೊಡೆಯ ಮೇಲಿನ ಕೌದಿಯನ್ನು ನೋಡಿದಳು, ಮುಖ ಅರಳಿಸಿದಳು.

"ಯಪ್ಪಾ, ಮಾರಿ ತೋರಸೋ, ನೋಡ್ತೀನಿ."

ಕಿಟಕಿಯ ಕಡೆ ತಿರುಗಲಿಲ್ಲ. ಗಂಟಲು ಕಟ್ಟಲಿಲ್ಲ. ಅತ್ತಿಯ ತಲೆ ಜಾರದಂತೆ ಭುಜ ಎತ್ತಿ ಹಿಡಿದು ನನ್ನ ದನಿಯಲ್ಲೇ ಹೇಳಿದೆ.

"ಮಲಗ್ಯಾದವ್ವಾ. ಎಬ್ಬಸಬ್ಯಾಡ್ರಿ."